ಕರೆಂಟ್ ಬಂದ ಹೊತ್ತು ಮತ್ತು ನನ್ನ ಸಿನಾಪ್ಸಿಸ್

ಎಂಡಿ ಜನರಲ್ ಮೆಡಿಸಿನ್‌ಗೆ ಸೇರಿ ಎರಡು ವಾರವೂ ಆಗಿರಲಿಲ್ಲ, ಸೀನಿಯರ್ ಒಬ್ಬರು ಕೇಳಿದರು, "ಥೀಸಿಸ್ ಟಾಪಿಕ್ ಆಯ್ತಾ?" ನನಗೆ ಆಗಿನ್ನೂ ವಾರ್ಡಿನಿಂದ ಲ್ಯಾಬ್‌ಗೆ ಹೋಗುವ ದಾರಿಯೇ ಸರಿಯಾಗಿ ಗೊತ್ತಿರಲಿಲ್ಲ. ಮಂಡ್ಯ ಜಿಲ್ಲೆಯ ಒಂದು ವೈದ್ಯಕೀಯ ಕಾಲೇಜು ನಮ್ಮದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಆರು ತಿಂಗಳೊಳಗೆ ಸಿನಾಪ್ಸಿಸ್, ಅಂದರೆ ಥೀಸಿಸ್‌ನಲ್ಲಿ ಏನು, ಹೇಗೆ ಮಾಡುತ್ತೇನೆ ಅನ್ನುವ ಯೋಜನೆ, ಸೇರಬೇಕು. ಡ್ಯೂಟಿ ಮಾಡಿ, ಹಾಸ್ಟೆಲ್‌ಗೆ ಬಂದು ಮಲಗುವುದರಲ್ಲೇ ಎರಡು ತಿಂಗಳು ಹೋಯಿತು.

ಮೊದಲು ಬರೆದದ್ದು ಸಕ್ಕರೆ ಕಾಯಿಲೆ ಬಗ್ಗೆ. ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಯಿಂದ ಕಣ್ಣು, ಕಿಡ್ನಿ, ನರ, ಹೃದಯ ಎಲ್ಲಕ್ಕೂ ಏನಾಗುತ್ತದೆ ಎಂದು ನೋಡುವುದು. ಗೈಡ್ ಮೇಡಂ ಓದಿ, ಕನ್ನಡಕ ತೆಗೆದು ಪಕ್ಕಕ್ಕಿಟ್ಟರು. "ಇದನ್ನ ಮಾಡಕ್ಕೆ ನಾಲ್ಕು ಡಿಪಾರ್ಟ್‌ಮೆಂಟ್ ಬೇಕಮ್ಮ. ನೀನೊಬ್ಬಳೇ ಇದೀಯ. ರಾತ್ರಿ ಕ್ಯಾಶುಯಾಲ್ಟಿಯಲ್ಲಿ ಯಾವ ಕೇಸ್ ಬಂದ್ರೆ ನಿನಗೆ ಕೈಕಾಲು ಆಡಲ್ಲ? ಅದನ್ನ ಹೇಳು."

ಹಾವು ಕಚ್ಚಿದ ಕೇಸು. ಯೋಚನೆ ಮಾಡುವ ಅಗತ್ಯವೇ ಬೀಳಲಿಲ್ಲ.

ನಮ್ಮಲ್ಲಿ ಕಬ್ಬು, ಭತ್ತ ಎರಡೂ ಇವೆ. ಗದ್ದೆ ಬದುವಿನಲ್ಲಿ ಕೊಳಕುಮಂಡಲ ಮಾಮೂಲು. ಇದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ, ಕಿಡ್ನಿಗೂ ಹೊಡೆತ ಕೊಡುತ್ತದೆ. ಮಳವಳ್ಳಿ, ನಾಗಮಂಗಲ ಕಡೆಯಿಂದ ಆಟೋದಲ್ಲಿ ಬರುತ್ತಿದ್ದರು. ಕೆಲವರು ನಾಟಿ ಔಷಧಿ ಹಾಕಿಸಿಕೊಂಡು, ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿಕೊಂಡೇ ಬರುತ್ತಿದ್ದರು. ಮೂರನೇ ದಿನಕ್ಕೆ ಮೂತ್ರ ಕಡಿಮೆಯಾಗಿ ಡಯಾಲಿಸಿಸ್‌ಗೆ ಕಳಿಸಿದ್ದೂ ಇದೆ. ತಡವಾಗಿ ಆಂಟಿವೆನಮ್ (ಹಾವಿನ ವಿಷ ಇಳಿಸುವ ಔಷಧಿ) ಬಿದ್ದವರಿಗೆ ಕಿಡ್ನಿ ತೊಂದರೆ ಜಾಸ್ತಿಯಾ? ನನ್ನ ಪ್ರಶ್ನೆ ಇಷ್ಟೇ.

ಪ್ರಶ್ನೆ ಸಿಕ್ಕ ಖುಷಿಯಲ್ಲಿ ಪೀಠಿಕೆ ಬರೆಯಲು ಕೂತೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಹಾವು ಕಡಿತವನ್ನು ನಿರ್ಲಕ್ಷಿತ ಉಷ್ಣವಲಯದ ಕಾಯಿಲೆಗಳ ಪಟ್ಟಿಗೆ ಸೇರಿಸಿತು ಅನ್ನುವಲ್ಲಿಂದ ಶುರು ಮಾಡಿ ನಾಲ್ಕು ಪುಟ. ಮೇಡಂ ಮೂರು ಪುಟ ಹೊಡೆದು ಹಾಕಿದರು. ಉಳಿದದ್ದು ಎರಡೇ ಮಾತು. 2024ರ ಫೆಬ್ರವರಿಯಿಂದ ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅನ್ನುವುದು ಒಂದು. ನಮ್ಮ ವಾರ್ಡಿನಲ್ಲಿ ಏನು ಕಾಣುತ್ತಿದೆ ಅನ್ನುವುದು ಇನ್ನೊಂದು. ಆಮೇಲೆ ಅವರು ಒಂದು ಮಾತು ಹೇಳಿದರು, ನನಗೆ ಉಪಯೋಗಕ್ಕೆ ಬಂದದ್ದು ಅದೇ: "ಪೀಠಿಕೆ ಕೊನೆಗೆ ಬರಿ. ಮೊದಲು ಪ್ರೊಫಾರ್ಮಾ ಬರ್ಕೊಂಡು ಬಾ."

ಅಂದರೆ ರೋಗಿಯ ಹತ್ತಿರ ಕೂತು ತುಂಬುವ ಹಾಳೆ. ಅದನ್ನು ಬರೆಯಲು ಹೋದಾಗಲೇ ನನ್ನ ಪ್ರಶ್ನೆ ಎಷ್ಟು ಪೊಳ್ಳು ಅಂತ ಗೊತ್ತಾಗಿದ್ದು. ಮೂರನೇ ಸಾಲಿನಲ್ಲಿ "ಹಾವು ಕಚ್ಚಿದ ಸಮಯ" ಎಂದು ಬರೆದು ಪಕ್ಕದಲ್ಲಿ ಗಂಟೆ, ನಿಮಿಷಕ್ಕೆ ಜಾಗ ಬಿಟ್ಟಿದ್ದೆ. ವಾರ್ಡಿನಲ್ಲಿದ್ದ ಒಬ್ಬ ರೈತರನ್ನು ಸುಮ್ನೆ ಕೇಳಿ ನೋಡಿದೆ, ಎಷ್ಟು ಗಂಟೆಗೆ ಕಚ್ಚಿತು ಅಂತ.

"ಕರೆಂಟ್ ಬಂದ್ಮೇಲೆ ಮೋಟ್ರು ಆನ್ ಮಾಡಕ್ಕೋಗಿದ್ದೆ ಕಣವ್ವ. ಗಂಟೆ ಯಾರು ನೋಡ್ತಾರೆ?"

ಇನ್ನೊಬ್ಬರು ಹಾಲು ಕರೆಯುವ ಹೊತ್ತು ಅಂದರು. ಮತ್ತೊಬ್ಬರು ಕೊನೇ ಬಸ್ಸು ಹೋದ ಮೇಲೆ ಅಂದರು. ನನ್ನ ಇಡೀ ಥೀಸಿಸ್ ನಿಂತಿದ್ದು ಈ ಒಂದು ಸಮಯದ ಮೇಲೆ. ಅದನ್ನೇ ಅಳೆಯಲು ಬರದಿದ್ದರೆ ಉಳಿದದ್ದೆಲ್ಲ ಸುಮ್ಮನೆ ಅಲಂಕಾರ, ಅಲ್ವಾ? ಎರಡು ದಿನ ತಲೆ ಕೆಟ್ಟುಹೋಯಿತು. ಕೊನೆಗೆ ಹಾಳೆಯನ್ನೇ ಬದಲಾಯಿಸಿದೆ. ಮೊದಲು "ಆಗ ಏನು ಮಾಡುತ್ತಿದ್ದಿರಿ?" ಎಂದು ಕೇಳುವುದು. ಕರೆಂಟ್ ಅಂದರೆ ಆ ವಾರ ಆ ಊರಿಗೆ ತ್ರೀ ಫೇಸ್ ಎಷ್ಟು ಗಂಟೆಗೆ ಬರುತ್ತಿತ್ತು ಎಂದು ಮನೆಯವರಿಂದ ತಿಳಿದುಕೊಳ್ಳುವುದು. ಮನೆಯವರ ಮೊಬೈಲ್‌ನಲ್ಲಿ ಆಟೋದವರಿಗೆ ಮಾಡಿದ ಮೊದಲ ಕರೆಯ ಸಮಯ ನೋಡುವುದು. ಇಷ್ಟಾದರೂ ನಿಮಿಷದ ಲೆಕ್ಕ ಸಿಗಲ್ಲ. ಅದಕ್ಕೇ ಆರು ಗಂಟೆಯೊಳಗೆ, ಆರು ಗಂಟೆ ಮೀರಿ ಎಂದು ಎರಡೇ ಗುಂಪು ಮಾಡಿಕೊಂಡೆ. ಅಷ್ಟು ಮಟ್ಟಿಗೆ ರೈತರ ಗಡಿಯಾರ ನಂಬಬಹುದು.

ಟ್ಯೂಬಿನ ಕಥೆಯೂ ಇಂಥದ್ದೇ. ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡಲು ಗಾಜಿನ ಟ್ಯೂಬಿಗೆ 2 ಮಿಲಿ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಟ್ಟು ಓರೆ ಮಾಡಿ ನೋಡುತ್ತೇವೆ. ಒಂದು ದಿನ ಅನುಮಾನ ಬಂದು ನನ್ನದೇ ರಕ್ತ ಹಾಕಿದೆ. 20 ನಿಮಿಷ ಆದರೂ ಹೆಪ್ಪುಗಟ್ಟಲಿಲ್ಲ! ಟ್ಯೂಬನ್ನು ಸೋಪಿನ ಪುಡಿಯಲ್ಲಿ ತೊಳೆದಿದ್ದರು. ಸೋಪಿನಂಶ ಉಳಿದರೆ ಹೀಗಾಗುತ್ತದೆ. ಸಿನಾಪ್ಸಿಸ್‌ನ ವಿಧಾನದ ಭಾಗದಲ್ಲಿ "ಹೊಸ, ಒಣಗಿದ, ಗಾಜಿನ ಟ್ಯೂಬ್" ಎಂದು ಮೂರೂ ಪದ ಬರೆದದ್ದು ಅದಕ್ಕೇ.

ಕಿಡ್ನಿ ತೊಂದರೆ ಅಂದರೆ ಏನು ಎಂದು ಹೇಳುವುದು ಸುಲಭವಾಯಿತು. 2012ರ ಕೆಡಿಗೊ (ಕಿಡ್ನಿ ಕಾಯಿಲೆಗಳ ಅಂತರರಾಷ್ಟ್ರೀಯ ತಜ್ಞರ ಸಂಸ್ಥೆ) ಮಾನದಂಡ ಇದೆ. 48 ಗಂಟೆಯೊಳಗೆ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಕಸ) ಡೆಸಿಲೀಟರ್‌ಗೆ 0.3 ಮಿಲಿಗ್ರಾಂ ಏರಿದರೆ, ಅಥವಾ ಏಳು ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾದರೆ ತೊಂದರೆ ಇದೆ ಎಂದು ಲೆಕ್ಕ. ಆದರೆ ಮೊದಲು ಎಷ್ಟಿತ್ತು? ನಮ್ಮ ರೋಗಿಗಳಲ್ಲಿ ಹೆಚ್ಚಿನವರು ಹಿಂದೆಂದೂ ಆ ಟೆಸ್ಟ್ ಮಾಡಿಸಿದವರಲ್ಲ. ದಾಖಲಾದಾಗ ತೆಗೆದ ಮೊದಲ ರಕ್ತವನ್ನೇ ಆಧಾರ ಮಾಡಿಕೊಂಡೆ. ತಡವಾಗಿ ಬಂದವರಲ್ಲಿ ಅಷ್ಟರಲ್ಲೇ ಅದು ಏರಿರಬಹುದು. ಈ ದೋಷವನ್ನು ನಾನೇ ಬರೆದು ಒಪ್ಪಿಕೊಂಡೆ. ಮುಚ್ಚಿಟ್ಟರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೇಗೂ ಕೇಳುತ್ತಾರೆ.

ಸ್ಯಾಂಪಲ್ ಸೈಜ್, ಅಂದರೆ ಅಧ್ಯಯನಕ್ಕೆ ಎಷ್ಟು ರೋಗಿಗಳು ಬೇಕು ಅನ್ನುವ ಲೆಕ್ಕ, ಎಲ್ಲರಿಗೂ ಭಯ. ನನಗೂ ಇತ್ತು. ಒಂದು ಉದಾಹರಣೆ ಕೊಡುತ್ತೇನೆ. ಹಿಂದಿನ ಅಧ್ಯಯನದಲ್ಲಿ 100ಕ್ಕೆ 30 ಜನರಿಗೆ ಕಿಡ್ನಿ ತೊಂದರೆ ಆಗಿತ್ತು ಅಂದುಕೊಳ್ಳಿ. 30ನ್ನು 70ರಿಂದ ಗುಣಿಸಿ, ಅದನ್ನು 3.84ರಿಂದ (ಶೇಕಡಾ 95 ಖಚಿತತೆಗೆ ಬಳಸುವ ಸಂಖ್ಯೆ) ಗುಣಿಸಿ, ನೀವು ಒಪ್ಪುವ ತಪ್ಪಿನ ಅಂತರದ ವರ್ಗದಿಂದ ಭಾಗಿಸಿ. ಅಂತರ 5 ಇಟ್ಟುಕೊಂಡರೆ 323 ರೋಗಿಗಳು ಬೇಕು. 10 ಇಟ್ಟುಕೊಂಡರೆ 81 ಸಾಕು. ನಾನು ಹಳೇ ರಿಜಿಸ್ಟರ್ ಹಿಡಿದು ಕೂತು ಎಣಿಸಿದಾಗ ನನಗೆ ಹೊಂದುವ ಕೇಸು ತಿಂಗಳಿಗೆ ಐದರ ಆಸುಪಾಸು. 323 ಸೇರಿಸಲು ಐದು ವರ್ಷ ಮೀರುತ್ತದೆ, ಎಂಡಿ ಇರುವುದೇ ಮೂರು ವರ್ಷ. ಫಾರ್ಮುಲಾಗಿಂತ ಮೊದಲು ರಿಜಿಸ್ಟರ್ ನೋಡಿ ಎಂದು ಜೂನಿಯರ್‌ಗಳಿಗೆ ಈಗಲೂ ಹೇಳುತ್ತೇನೆ.

ರೆಫರೆನ್ಸ್ ವಿಷಯದಲ್ಲಿ ಮಾತ್ರ ಕಳ್ಳಬಿದ್ದೆ. ಒಬ್ಬರ ಹಳೇ ಥೀಸಿಸ್‌ನಿಂದ ಒಂದು ಸಾಲನ್ನೂ ಅದರ ರೆಫರೆನ್ಸನ್ನೂ ಹಾಗೇ ಎತ್ತಿಕೊಂಡಿದ್ದೆ. ಮೇಡಂ ಮೂಲ ಲೇಖನ ತೋರಿಸು ಅಂದರು. ಹುಡುಕಿ ಓದಿದರೆ ಅದರಲ್ಲಿದ್ದದ್ದು ಬೇರೆಯೇ ಮಾತು. ಆಮೇಲೆ ಎಲ್ಲವನ್ನೂ ತೆರೆದು ಓದಿ, ರೆಫರೆನ್ಸ್ ಜೋಡಿಸುವ ಜೊಟೆರೊ ಸಾಫ್ಟ್‌ವೇರ್‌ನಲ್ಲಿ ಹಾಕಿ, ಅಂಕಿ ಕೊಟ್ಟು ಬರೆಯುವ ವ್ಯಾಂಕೂವರ್ ಶೈಲಿಗೆ ತಂದೆ.

ಅಧ್ಯಯನದಿಂದ ರೋಗಿಗಳಿಗೆ ಅನ್ಯಾಯ ಆಗದಂತೆ ನೋಡುವ ಎಥಿಕ್ಸ್ ಕಮಿಟಿಯವರು ಎರಡು ಪ್ರಶ್ನೆ ಕೇಳಿದರು. ಒಪ್ಪಿಗೆ ಪತ್ರಕ್ಕೆ ಸಹಿ ತಗೊಳ್ಳೋಕೆ ಹೋಗಿ ಚಿಕಿತ್ಸೆ ತಡವಾದರೆ? ಆಂಟಿವೆನಮ್ ಮೊದಲು, ಪತ್ರ ಆಮೇಲೆ ಅಂದೆ. ಪದೇ ಪದೇ ಮಾಡುವ ಕ್ರಿಯಾಟಿನಿನ್ ಖರ್ಚು ಯಾರದು? ಚಿಕಿತ್ಸೆಗೆ ಹೇಗೂ ಮಾಡುವ ಟೆಸ್ಟ್‌ಗಳನ್ನೇ ಬಳಸುತ್ತೇನೆ, ಹೆಚ್ಚಿಗೆ ಬೇಕಾದರೆ ನನ್ನದು ಅಂದೆ.

ಒಪ್ಪಿಗೆ ಪತ್ರದ ಕನ್ನಡವನ್ನು ಮಾತ್ರ ಕಮಿಟಿಯಲ್ಲಿ ಯಾರೂ ಓದಲಿಲ್ಲ ಅನ್ನಿಸುತ್ತದೆ. "ಸ್ವಯಂಪ್ರೇರಿತ ಪಾಲ್ಗೊಳ್ಳುವಿಕೆ" ಎಂದೆಲ್ಲ ಬರೆದಿದ್ದೆ. ವಾರ್ಡಿನ ಒಬ್ಬ ಅಜ್ಜ ತಿರುಗಿಸಿ ಮುರುಗಿಸಿ ನೋಡಿ, "ಏನವ್ವ ಇದು, ಸೊಸೈಟಿ ಸಾಲದ ಪತ್ರವಾ?" ಅಂದರು. ಆ ರಾತ್ರಿಯೇ ಇಡೀ ಹಾಳೆ ಬದಲಾಯಿಸಿದೆ. "ನಿಮಗೆ ಇಷ್ಟ ಇದ್ದರೆ ಮಾತ್ರ ಸೇರಿ. ಬೇಡ ಅಂದರೂ ಚಿಕಿತ್ಸೆಯಲ್ಲಿ ಏನೂ ಕಡಿಮೆ ಮಾಡಲ್ಲ." ಓದಲು ಬರದವರಿಗೆ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿ, ಪಕ್ಕದಲ್ಲಿ ನಮ್ಮ ಕಡೆಯವರಲ್ಲದ ಒಬ್ಬ ಸಾಕ್ಷಿಯ ಸಹಿ. ಬದಲಾಯಿಸಿದ ಹಾಳೆಗೆ ಮತ್ತೆ ಕಮಿಟಿ ಒಪ್ಪಿಗೆ ಬೇಕಲ್ಲ, ಅದಕ್ಕೆ ಹದಿನೈದು ದಿನ ಹಿಡಿಯಿತು.

ಸಿನಾಪ್ಸಿಸ್ ಕಳಿಸಿದ್ದು ಕೊನೇ ದಿನಕ್ಕೆ ಮೂರು ದಿನ ಇರುವಾಗ. ಪೀಠಿಕೆ ಬರೆದದ್ದು ಅದರ ಹಿಂದಿನ ವಾರ, ಒಂದೇ ಸಂಜೆಯಲ್ಲಿ.