ಹಳೇ ಪಿಕಪ್‌ಗೆ ಹೊಸ ತಗಡಿನ ನೆಲ ಕೂರಿಸುವುದು ಹೇಗೆ?

ಮಲೆನಾಡಿನ ತೋಟಗಳಲ್ಲಿ ದುಡಿದ ಹಳೇ ಪಿಕಪ್ ಕೊಂಡು ತಮಗೆ ಬೇಕಾದ ಹಾಗೆ ಕಟ್ಟಿಸಿಕೊಳ್ಳುವವರು ಮೊದಲು ಎಂಜಿನ್ ನೋಡುತ್ತಾರೆ, ಆಮೇಲೆ ಟೈರು. ಆದರೆ ನೀವು ಮೊದಲು ಕ್ಯಾಬಿನ್ ನೆಲದ ಮ್ಯಾಟ್ ಎತ್ತಿ ನೋಡಿ. ಕಾಲಿಗಂಟಿ ಬಂದ ಕೆಸರು ಅದರಡಿ ಸೇರಿ, ಮಳೆಗಾಲವಿಡೀ ಒದ್ದೆಯಾಗಿಯೇ ಇರುತ್ತದೆ. ತಗಡು ಅಲ್ಲಿಂದಲೇ ಹಾಳಾಗುವುದು.

ಸ್ಕ್ರೂಡ್ರೈವರ್ ಹಿಡಿಯಿಂದ ನೆಲವನ್ನು ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಣ್ ಎನ್ನುತ್ತದೆ, ತುಕ್ಕು ತಿಂದಲ್ಲಿ ಸದ್ದು ಮಂಕಾಗುತ್ತದೆ. ಅಂಥ ಕಡೆ ತುದಿಯಿಂದ ಚುಚ್ಚಿ, ಸೀಮೆಸುಣ್ಣದಲ್ಲಿ ಗುರುತು ಮಾಡಿ. ತೂತಿನ ಮೇಲೆ ಸುಮ್ನೆ ತೇಪೆ ಹಾಕಿಸಬೇಡಿ. ಎರಡು ತಗಡಿನ ನಡುವೆ ನೀರು ನಿಂತು ತುಕ್ಕು ಇನ್ನೂ ಜಾಸ್ತಿ ಆಗುತ್ತದೆ. ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಲೇಬೇಕು.

ಕತ್ತರಿಸುವ ಮೊದಲು ಬ್ಯಾಟರಿ ಬಿಚ್ಚಿ. ಸೀಟು, ವೈರಿಂಗ್, ಬ್ರೇಕ್ ಪೈಪು, ಇಂಧನದ ಪೈಪು ಎಲ್ಲ ಹೊರಗೆ ಹೋಗಲಿ. ಕೆಲವು ಹಳೇ ಜೀಪುಗಳಲ್ಲಿ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇರುತ್ತದೆ. ಅದನ್ನು ಇಳಿಸದೆ ಗ್ರೈಂಡರ್ ಮುಟ್ಟಲೇಬೇಡಿ. ಮುಚ್ಚಿದ ಕ್ಯಾಬಿನ್ ಆದರೆ ಬಾಗಿಲಿನ ಎರಡು ಕಂಬಗಳ ನಡುವೆ ಚೌಕ ಪೈಪಿಟ್ಟು ಟ್ಯಾಕ್ ಮಾಡಿ, ಅಂದರೆ ಚುಕ್ಕಿಯಷ್ಟೇ ವೆಲ್ಡ್ ಹಾಕಿ ನಿಲ್ಲಿಸಿ. ನೆಲ ತೆಗೆದ ಮೇಲೆ ಬಾಡಿ ಸ್ವಲ್ಪ ವಾಲಿದರೂ ಬಾಗಿಲು ಸರಿಯಾಗಿ ಕೂರುವುದಿಲ್ಲ.

ನೆಲದಡಿಯ ಅಡ್ಡಪಟ್ಟಿಗೆ (ಕ್ರಾಸ್ ಮೆಂಬರ್) ತಗಡನ್ನು ಹಿಡಿದಿರುವ ಚುಕ್ಕಿ ಬೆಸುಗೆಗಳನ್ನು (ಸ್ಪಾಟ್ ವೆಲ್ಡ್) 8 ಮಿ.ಮೀ. ಬಿಟ್‌ನಿಂದ ಕೊರೆದು ಬಿಡಿಸಿ. ಹಳೇ ತಗಡು ಎಸೆಯಬೇಡಿ, ಅಳತೆಗೆ ಬೇಕು. ಮೊದಲು ದಪ್ಪ ರಟ್ಟಿನಲ್ಲಿ ನಮೂನೆ ಕತ್ತರಿಸಿ, ಜಾಗದಲ್ಲಿಟ್ಟು ತಿದ್ದಿ. ರಟ್ಟು ಸರಿಯಾಗಿ ಕೂತರೆ ಅರ್ಧ ಕೆಲಸ ಮುಗಿದ ಹಾಗೆ.

ಕಾಲಿಡುವ ಜಾಗಕ್ಕೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ತಗಡು ಸಾಕು. ಭಾರ ಹೊರುವ ಕಡೆ ಅದಕ್ಕಿಂತ ದಪ್ಪನೆಯ 16 ಗೇಜ್ ಹಾಕಿ. 8x4 ಅಡಿಯ 18 ಗೇಜ್ ಹಾಳೆ ಸುಮಾರು 28 ಕೆ.ಜಿ. ಬರುತ್ತದೆ, 16 ಗೇಜ್ 37ರ ಹತ್ತಿರ. ಜಿಐ ತಗಡು ಬೇಡ. ಅದರ ಸತುವಿನ ಲೇಪ ವೆಲ್ಡಿಂಗ್‌ನಲ್ಲಿ ಸುಟ್ಟು ಬರುವ ಹೊಗೆ ಒಳ್ಳೆಯದಲ್ಲ.

ಚಪ್ಪಟೆ ತಗಡು ಕಾಲಿಟ್ಟರೆ ಬಗ್ಗುತ್ತದೆ, ಓಡುವಾಗ ಗಡಗಡ ಎನ್ನುತ್ತದೆ. ಅದಕ್ಕೇ ಬೀಡ್ ರೋಲರ್ ಎಂಬ ಉರುಳೆ ಯಂತ್ರದಲ್ಲಿ ಉಬ್ಬು ಗೆರೆ ಹೊಡೆಸುವುದು. ಗೆರೆ ಬಿದ್ದಾಗ ತಗಡಿನ ಅಂಚು ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಸುತ್ತ ಎರಡು ಬೆರಳಿನಷ್ಟು ಹೆಚ್ಚು ಬಿಟ್ಟು, ಗೆರೆ ಮುಗಿದ ಮೇಲೆ ಅಂಚು ಕತ್ತರಿಸಿ.

ಕೂರಿಸುವ ಮೊದಲು ಎರಡೂ ಕಡೆಯ ಅಂಚನ್ನು ಹೊಳೆಯುವ ಹಾಗೆ ಉಜ್ಜಿ, ಕ್ರಾಸ್ ಮೆಂಬರ್ ಮೇಲೆ ವೆಲ್ಡಿಂಗ್ ಶಾಖ ತಾಳುವ ಜಿಂಕ್ ಪ್ರೈಮರ್ ಬಳಿಯಿರಿ. ಯಂತ್ರವೇ ತೆಳು ವೈರ್ ಬಿಡುತ್ತಾ ಹೋಗುವ ಮಿಗ್ ವೆಲ್ಡಿಂಗ್ ಇರಲಿ, 0.8 ಮಿ.ಮೀ. ವೈರ್ ಸಾಕು. ಆರ್ಕ್ ರಾಡ್ ಹಿಡಿದರೆ ತೆಳು ತಗಡು ತೂತಾಗುವ ಅಪಾಯ ಜಾಸ್ತಿ. ನಾಲ್ಕು ಮೂಲೆಗೆ ಟ್ಯಾಕ್ ಹೊಡೆದು, ಆಮೇಲೆ ಒಂದು ಇಲ್ಲಿ, ಇನ್ನೊಂದು ಆ ತುದಿಯಲ್ಲಿ ಹಾಕುತ್ತಾ ಹೋಗಿ. ಕೈಯಿಟ್ಟರೆ ಸುಡುತ್ತಿದ್ದರೆ ಕಾಯಿರಿ. ಒಂದೇ ಸಲ ಉದ್ದಕ್ಕೆ ಎಳೆದರೆ ಶಾಖಕ್ಕೆ ತಗಡು ಹಪ್ಪಳದ ಹಾಗೆ ಏಳುತ್ತದೆ, ಆಮೇಲೆ ಸುತ್ತಿಗೆಯಿಂದ ಎಷ್ಟು ಬಡಿದರೂ ನೇರವಾಗುವುದು ಕಷ್ಟ.

ಸೀಟು ಮತ್ತು ಸೀಟ್ ಬೆಲ್ಟ್ ಬೋಲ್ಟ್ ಬರುವ ಕಡೆ ಕೆಳಗಿನಿಂದ 3 ಮಿ.ಮೀ. ಪ್ಲೇಟ್ ಕೊಟ್ಟೇ ಕೊಡಿ. ಅಪಘಾತವಾದರೆ ಮನುಷ್ಯನನ್ನು ಹಿಡಿದಿಡುವುದು ಆ ಬೋಲ್ಟ್‌ಗಳೇ, ಬರೀ 18 ಗೇಜ್ ತಗಡು ಹರಿದುಹೋಗುತ್ತದೆ. ಇಲ್ಲಿ ದುಡ್ಡು ಉಳಿಸುವುದು ಯಾವ ಲೆಕ್ಕಕ್ಕೂ ಸರಿಯಲ್ಲ.

ಕೊನೆಗೆ ಎಪಾಕ್ಸಿ ಪ್ರೈಮರ್, ಜೋಡಣೆಗಳಿಗೆ ಸಂದು ಮುಚ್ಚುವ ಸೀಮ್ ಸೀಲರ್, ಕೆಳಗಡೆ ತುಕ್ಕು ತಡೆಯುವ ಅಂಡರ್‌ಕೋಟ್ ಲೇಪ. ತಗ್ಗಿನ ಜಾಗದಲ್ಲಿ ನೀರು ಹೋಗಲು ತೂತು ಬಿಟ್ಟು, ತೆಗೆದು ತೊಳೆಯಬಹುದಾದ ರಬ್ಬರ್ ಬಿರಡೆ ಹಾಕಿ.