ಹೆರಿಗೆಯ ಛಾಯಾಚಿತ್ರ ತೆಗೆಯುವ ಕ್ರಮ

ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಮದುವೆ, ಸೀಮಂತ, ನಾಮಕರಣಗಳ ಫೋಟೋ ತೆಗೆಯುವವರಿಗೆ ಕೊರತೆಯಿಲ್ಲ. ಮಗು ಹುಟ್ಟುವ ಗಳಿಗೆಯನ್ನೇ ಚಿತ್ರಿಸಿಕೊಡಬಹುದೇ ಎಂದು ಕೇಳುವ ದಂಪತಿಗಳೂ ಈಗ ಇದ್ದಾರೆ. ಒಪ್ಪಿಕೊಳ್ಳುವ ಮುನ್ನ ಒಂದು ವ್ಯತ್ಯಾಸವನ್ನು ಮನಗಾಣಬೇಕು. ಮದುವೆ ಮಂಟಪದಲ್ಲಿ ಕ್ಯಾಮೆರಾದವನು ಕೈ ಎತ್ತಿದರೆ ಪುರೋಹಿತರೂ ಧಾರೆಯ ನೀರನ್ನು ಇನ್ನೊಮ್ಮೆ ಎರೆಯಿಸುತ್ತಾರೆ. ಹೆರಿಗೆ ಕೋಣೆಯಲ್ಲಿ ಯಾರೂ ನಮಗಾಗಿ ಕಾಯುವುದಿಲ್ಲ, ಕಾಯಲೂಬಾರದು. ಅಲ್ಲಿ ತಾಯಿ, ಮಗು, ವೈದ್ಯರು, ದಾದಿಯರು, ನೆಲ ಒರೆಸಲು ಬಂದ ಆಯಾ, ಇವರೆಲ್ಲರ ನಂತರದ ಸ್ಥಾನ ಕ್ಯಾಮೆರಾದ್ದು. ಈ ಲೇಖನದಲ್ಲಿ ಹೇಳುವ ಪ್ರತಿಯೊಂದು ಸೂಚನೆಯೂ ಆ ಒಂದು ಮಾತಿನಿಂದಲೇ ಹೊರಟದ್ದು.

ಅನುಮತಿ

ಮೊದಲ ಒಪ್ಪಿಗೆ ಹೆರುವವಳದ್ದು. ನಮ್ಮಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಿನ ಕಡೆಯಿಂದ ನಡೆಯುವುದರಿಂದ ಫೋಟೋದ ಮಾತುಕತೆಗೆ ಅವಳ ಅಣ್ಣನೋ ಅಪ್ಪನೋ ಬರುತ್ತಾರೆ, ಇಲ್ಲವೇ ದುಬೈಯಲ್ಲಿರುವ ಗಂಡ ಫೋನಿನಲ್ಲಿ ಎಲ್ಲವನ್ನೂ ನಿಶ್ಚಯಿಸುತ್ತಾನೆ. ಅವರ ಆಸೆ ಎಷ್ಟೇ ಪ್ರಾಮಾಣಿಕವಾಗಿದ್ದರೂ, ಆಕೆ ಒಬ್ಬಳೇ ಇದ್ದಾಗ ಒಮ್ಮೆ ನೇರವಾಗಿ ಕೇಳಿ ತಿಳಿದುಕೊಳ್ಳುವ ತನಕ ಕೆಲಸ ಒಪ್ಪಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳುವಾಗ 'ಫೋಟೋ ತೆಗೆಯಬಹುದೇ' ಎಂದು ಕೇಳಿದರೆ ಸಾಲದು. ಮುಖ ಮಾತ್ರ ಸಾಕೇ, ಎದೆಯ ಮೇಲೆ ಮಗುವನ್ನು ಮಲಗಿಸಿದ ಚಿತ್ರ ಬೇಕೇ, ಹೊಕ್ಕುಳಬಳ್ಳಿ ಕತ್ತರಿಸುವುದು ಬೇಕೇ, ರಕ್ತ ಕಾಣಿಸಿದರೆ ಅಡ್ಡಿಯೇ, ಚಿತ್ರಗಳನ್ನು ಮೊದಲು ಯಾರು ನೋಡಬೇಕು ಎಂದು ಬಿಡಿಬಿಡಿಯಾಗಿ ಕೇಳಿ ಬರೆದಿಟ್ಟುಕೊಳ್ಳಬೇಕು. ವಿಡಿಯೋ ಕರೆಯನ್ನು ಇದರೊಂದಿಗೆ ಸೇರಿಸಬಾರದು. ಪರದೇಶದಲ್ಲಿರುವ ಗಂಡನ ಪಕ್ಕದಲ್ಲಿ ಆ ಹೊತ್ತಿಗೆ ಯಾರು ಕುಳಿತಿರುತ್ತಾರೆ ಎಂಬುದು ಇಲ್ಲಿರುವ ಯಾರಿಗೂ ತಿಳಿಯದು. ನೋವಿನ ನಡುವೆ ಆಕೆ ಬೇಡವೆಂದು ಕೈ ಬೀಸಿದರೆ ಹಿಂದೆ ಕೊಟ್ಟ ಒಪ್ಪಿಗೆ ಅಲ್ಲಿಗೆ ಮುಗಿಯಿತು. ಒಪ್ಪಿಗೆಯಿಲ್ಲದೆ ವ್ಯಕ್ತಿಯ ಗುಪ್ತಾಂಗಗಳ ಚಿತ್ರ ತೆಗೆಯುವುದು ಅಥವಾ ಕಳುಹಿಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 66ಇ ಕಲಮಿನಂತೆ 3 ವರ್ಷದವರೆಗಿನ ಸೆರೆವಾಸ, 2 ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸಬಹುದಾದ ಅಪರಾಧ.

ಎರಡನೆಯದು ಆಸ್ಪತ್ರೆಯ ಅನುಮತಿ. ಹೆರಿಗೆ ವೈದ್ಯರು ತಪಾಸಣೆಯ ಸಮಯದಲ್ಲಿ 'ಆಗಬಹುದು' ಎಂದರೆ ಅದು ಆರಂಭ ಮಾತ್ರ. ಆಸ್ಪತ್ರೆಯ ಆಡಳಿತದಿಂದ ಲಿಖಿತ ಒಪ್ಪಿಗೆ ಪಡೆದು, ಅದರ ಪ್ರತಿಯನ್ನು ತಾಯಿಯ ಕಡತದಲ್ಲಿ ಸೇರಿಸಿಡಬೇಕು. ಏಕೆಂದರೆ ನಸುಕಿನ 3 ಗಂಟೆಗೆ ಬಾಗಿಲಲ್ಲಿ ನಿಲ್ಲುವವರು ನೀವು ಎಂದೂ ನೋಡಿರದ ಡ್ಯೂಟಿ ಡಾಕ್ಟರ್ ಮತ್ತು ಸಿಸ್ಟರ್. ಕಾಗದವಿದ್ದರೂ ಅವರು ಬೇಡವೆಂದರೆ ವಾದಿಸದೆ ಹೊರಗೆ ನಿಲ್ಲಬೇಕು.

ಇಲ್ಲಿ ಒಂದು ತೊಡಕಿದೆ. ಹೆರಿಗೆಯ ವೇಳೆ ತಾಯಿಯ ಜೊತೆ ಒಬ್ಬ ಸಂಗಾತಿ ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯವು 2016ರಲ್ಲಿ ಸಾರ್ವಜನಿಕ ಆಸ್ಪತ್ರೆಗಳಿಗೆ ಮಾರ್ಗಸೂಚಿ ನೀಡಿತು. ಆ ಸಂಗಾತಿ ಹೆರಿಗೆಯ ಅನುಭವವಿರುವ ಬಂಧು ಮಹಿಳೆಯಾಗಿರಬೇಕು. ಖಾಸಗಿತನದ ವ್ಯವಸ್ಥೆ ಸರಿಯಾಗಿರುವಲ್ಲಿ ಗಂಡನೂ ಇರಬಹುದು. ಆದರೆ ಅವಕಾಶವಿರುವುದು ಒಬ್ಬರಿಗೆ. ಆ ಜಾಗವನ್ನು ಛಾಯಾಗ್ರಾಹಕರು ತೆಗೆದುಕೊಂಡರೆ ಹೆರುವವಳಿಗೆ ಹಿಡಿದುಕೊಳ್ಳಲು ಅಮ್ಮನ ಕೈ ಇರುವುದಿಲ್ಲ. ಹಾಗಾದರೆ ಛಾಯಾಗ್ರಾಹಕರು ಹೊರಗುಳಿದು, ಸಂಗಾತಿಯಾಗಿ ಹೋಗುವ ಅಕ್ಕನಿಗೋ ಚಿಕ್ಕಮ್ಮನಿಗೋ ಮೊದಲೇ ಮೊಬೈಲಿನಲ್ಲಿ ತೆಗೆಯುವ ಕ್ರಮ ಹೇಳಿಕೊಡುವುದು ಮೇಲು. ಮಂಗಳೂರಿನ ಲೇಡಿ ಗೋಷನ್ ಆಗಲಿ, ಉಡುಪಿಯ ತಾಯಿ-ಮಕ್ಕಳ ಆಸ್ಪತ್ರೆಯಾಗಲಿ, ಯಾವುದೇ ಸರ್ಕಾರಿ ಹೆರಿಗೆ ವಿಭಾಗದಲ್ಲಿ ಇನ್ನೊಬ್ಬ ಹೆಂಗಸಿನ ಹೆರಿಗೆಯೂ ಹತ್ತಿರದಲ್ಲೇ ನಡೆಯುತ್ತಿರಬಹುದು. ಅಂಥಲ್ಲಿ ಕ್ಯಾಮೆರಾದ ಅನುಮತಿ ಕೇಳುವುದೇ ತಪ್ಪು. ವಾರ್ಡಿನ ಹಾಸಿಗೆಗೆ ಬಂದ ಮೇಲೆ ಮಗುವಿನ ಚಿತ್ರ ತೆಗೆದರಾಯಿತು.

ಹೆರಿಗೆಗೆ ಮುನ್ನ ಗಂಡೋ ಹೆಣ್ಣೋ ಎಂದು ಬಣ್ಣದ ಬಲೂನು ಒಡೆದು ತೋರಿಸುವ ಚಿತ್ರಣವನ್ನು ಹೊರದೇಶದ ವಿಡಿಯೋ ನೋಡಿ ಕೇಳುವವರಿದ್ದಾರೆ. ಭ್ರೂಣಲಿಂಗ ತಿಳಿಸುವುದನ್ನು 1994ರ ಕಾಯ್ದೆ ನಿಷೇಧಿಸಿದೆ. ಅದಕ್ಕೆ ಸಂಬಂಧಿಸಿದ ಯಾವ ಕೆಲಸವನ್ನೂ ಮುಟ್ಟಬೇಡಿ.

ಸಿದ್ಧತೆ

37 ವಾರ ತುಂಬಿದ ದಿನದಿಂದ ಬ್ಯಾಟರಿಗಳು ಚಾರ್ಜ್ ಆಗಿ, ಕಾರ್ಡುಗಳು ಖಾಲಿಯಾಗಿ, ಚೀಲ ಬಾಗಿಲ ಬಳಿಯೇ ಇರಬೇಕು. ಆ ಅವಧಿಯಲ್ಲಿ ದೂರದ ಮದುವೆಗಳನ್ನು ಒಪ್ಪಿಕೊಳ್ಳಬಾರದು. ಉಡುಪಿಯಿಂದ ಮಂಗಳೂರಿಗೆ ಸುಮಾರು 55 ಕಿಲೋಮೀಟರ್. ಜುಲೈ ತಿಂಗಳ ಮಳೆಯಲ್ಲಿ ಹೆದ್ದಾರಿ 66ರಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ಲೆಕ್ಕ ಹಾಕುವುದೇ ವ್ಯರ್ಥ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಆಸುಪಾಸಿನ ದಿನ ಕೊಟ್ಟಿದ್ದರೆ, ಉಡುಪಿ ಕೃಷ್ಣ ಮಠದ ಪೂಜೆಯ ಹೊಣೆ ಕೈ ಬದಲಾಗುವ ಪರ್ಯಾಯ ಉತ್ಸವದ ಜನಸಂದಣಿಯನ್ನು ನೆನಪಿಟ್ಟುಕೊಂಡು ಆಸ್ಪತ್ರೆಗೆ ಹೋಗುವ ದಾರಿಯನ್ನು ಮೊದಲೇ ಯೋಚಿಸಬೇಕು.

ಸಲಕರಣೆ ಕಡಿಮೆಯಿದ್ದಷ್ಟು ಒಳ್ಳೆಯದು. ಒಂದು ಕ್ಯಾಮೆರಾ, 35 ಮಿಲಿಮೀಟರಿನ ಎಫ್ 1.8 ಲೆನ್ಸ್, ಅಥವಾ 24ರಿಂದ 70ರ ಎಫ್ 2.8 ಲೆನ್ಸ್ ಇದ್ದರೆ ಸಾಕು. ಟ್ರೈಪಾಡ್, ಲೈಟ್ ಸ್ಟ್ಯಾಂಡ್, ರಿಫ್ಲೆಕ್ಟರ್ ಮನೆಯಲ್ಲೇ ಇರಲಿ. ಕೆಳಗೆ ಜೋತು ಬೀಳುವ ಪಟ್ಟಿಯನ್ನು ಬಿಚ್ಚಿಡಬೇಕು. ಕ್ಯಾಮೆರಾದ ಹೊರಮೈಯನ್ನು 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ತೇವದ ಒರೆಸುಬಟ್ಟೆಯಿಂದ ಒರೆಸಬೇಕು. ಲೆನ್ಸಿನ ಗಾಜಿಗೆ ಅದನ್ನು ತಾಗಿಸಬಾರದು. ಫ್ಲ್ಯಾಶ್ ಬಳಸಬಾರದೆಂಬುದು ಎಲ್ಲರಿಗೂ ಗೊತ್ತು. ಹಲವರು ಮರೆಯುವುದು ಫೋಕಸ್ ಮಾಡುವಾಗ ಕ್ಯಾಮೆರಾದ ಮುಂದೆ ತಾನಾಗಿ ಹೊತ್ತಿಕೊಳ್ಳುವ ಕೆಂಪು ಅಥವಾ ಕಿತ್ತಳೆ ದೀಪವನ್ನು. ಅದನ್ನೂ ಬೀಪ್ ಶಬ್ದವನ್ನೂ ಮೆನುವಿಗೆ ಹೋಗಿ ಆರಿಸಿಡಬೇಕು.

ಇನ್ನೊಂದು, ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನ ಸಮಯಕ್ಕೆ ಸರಿಹೊಂದಿಸಿ. ಜಾತಕ ಬರೆಸುವ ಮನೆಗಳಲ್ಲಿ ಹುಟ್ಟಿದ ನಿಮಿಷದ ಬಗ್ಗೆ ಚರ್ಚೆ ಎದ್ದಾಗ ಅಜ್ಜಂದಿರು ನಿಮ್ಮ ಫೋಟೋದ ಸಮಯವನ್ನೇ ಕೇಳುತ್ತಾರೆ. ದಾಖಲೆಗೆ ಸಲ್ಲುವುದು ಸಿಸ್ಟರ್ ಬರೆದ ಸಮಯ ಎಂದು ನಯವಾಗಿ ತಿಳಿಸಿ. ಆದರೂ ನಿಮ್ಮದು ಹತ್ತು ನಿಮಿಷ ಹಿಂದೆ ಇದ್ದರೆ ವಿನಾಕಾರಣ ಗೊಂದಲವಾಗುತ್ತದೆ.

ಹೆರಿಗೆ ಕೋಣೆಯಲ್ಲಿ

ಚೊಚ್ಚಲ ಹೆರಿಗೆಯಲ್ಲಿ ನೋವು ಬಿರುಸಾದ ಮೇಲೂ ಹಲವು ತಾಸು ಹಿಡಿಯುವುದರಿಂದ, ಆರಂಭದಲ್ಲೇ ನೂರಾರು ಚಿತ್ರ ತೆಗೆದು ತಾಯಿಯನ್ನು ದಣಿಸುವ ಅಗತ್ಯವಿಲ್ಲ. ಒಂದು ನೋವಿಗೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ ಆಕೆಯ ಮುಖದಲ್ಲಿ ಕಾಣುವುದು ನೋವಿನ ತುದಿಯಲ್ಲಿ ಕಾಣುವುದಕ್ಕಿಂತ ಹೆಚ್ಚು ಹೇಳುತ್ತದೆ: ಒದ್ದೆಯಾದ ಹಣೆಕೂದಲನ್ನು ಅಮ್ಮ ಹಿಂದಕ್ಕೆ ಸರಿಸುವುದು, ಬಿಸಿನೀರಿನ ಲೋಟ, ಮಂಚದ ಕಂಬಿಯನ್ನು ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿರುವುದು. ವೈದ್ಯರು ಒಳಪರೀಕ್ಷೆ ಮಾಡುವಾಗ, ಮೂತ್ರನಳಿಕೆ ಹಾಕುವಾಗ, ಬಟ್ಟೆ ಬದಲಿಸುವಾಗ ಹೇಳಿಸಿಕೊಳ್ಳದೆ ಹೊರಗೆ ಹೋಗಬೇಕು.

ನಿಲ್ಲುವ ಜಾಗ ಒಂದೇ, ತಾಯಿಯ ತಲೆಯ ಕಡೆ, ಭುಜದ ಹಿಂದೆ. ಅಲ್ಲಿಂದ ಆಕೆ ನೋಡುವ ದಿಕ್ಕಿಗೇ ಕ್ಯಾಮೆರಾವೂ ನೋಡುತ್ತದೆ. ಮಗುವನ್ನು ಎತ್ತಿ ಎದೆಯ ಮೇಲಿಡುವಾಗ ಅದು ನಮ್ಮ ಕಡೆಗೇ ಬರುತ್ತದೆ, ಮರೆಯಾಗಬೇಕಾದದ್ದು ತಾನಾಗಿ ಮರೆಯಾಗುತ್ತದೆ. ಕಾಲಿನ ಕಡೆ ವೈದ್ಯರು, ದಾದಿಯರು, ಉಪಕರಣಗಳ ಟ್ರೇ ಇರುತ್ತವೆ. ಹಸಿರು ಅಥವಾ ನೀಲಿ ಬಟ್ಟೆ ಹೊದಿಸಿದ ಏನನ್ನೂ ಮುಟ್ಟಬಾರದು, ಅದರ ಮೇಲೆ ಬಾಗಲೂಬಾರದು. ತಾಗಿದರೆ ಅಡಗಿಸದೆ ಕೂಡಲೇ ಹೇಳಬೇಕು, ಅವರು ಬದಲಿಸುತ್ತಾರೆ.

ಬೆಳಕಿನ ವಿಷಯದಲ್ಲಿ ಎರಡು ತೊಂದರೆಗಳು ಎದುರಾಗುತ್ತವೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಅನೇಕ ಟ್ಯೂಬ್‌ಲೈಟುಗಳೂ ಅಗ್ಗದ ಎಲ್‌ಇಡಿಗಳೂ ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕಣ್ಣಿಗೆ ಅದು ಗೊತ್ತಾಗುವುದಿಲ್ಲ. ಆದರೆ ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರಿನಲ್ಲಿ 1/250 ಸೆಕೆಂಡಿಗೆ ತೆಗೆದರೆ ಚಿತ್ರದ ಮೇಲೆ ಅಡ್ಡಡ್ಡವಾಗಿ ಕಪ್ಪು ಪಟ್ಟಿಗಳು ಬೀಳುತ್ತವೆ. ಷಟರನ್ನು 1/100ಕ್ಕೆ ಇಟ್ಟರೆ ಪಟ್ಟಿಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಆ ವೇಗದಲ್ಲಿ ಮಗುವಿನ ಕೈಕಾಲು ತುಸು ಮಸುಕಾಗಬಹುದು, ಅದು ದೋಷವಲ್ಲ. ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯಾದ ಐಎಸ್‌ಒವನ್ನು 3200ರಿಂದ 6400ರ ತನಕ ಧೈರ್ಯವಾಗಿ ಏರಿಸಿ, ಆಮೇಲೆ ತಿದ್ದಲು ಅನುಕೂಲವಾಗುವ ರಾ ಫೈಲಿನಲ್ಲಿ ತೆಗೆಯಿರಿ. ಎರಡನೆಯ ತೊಂದರೆ ವಾರ್ಮರ್. ಮಗುವನ್ನು ಬೆಚ್ಚಗಿಡುವ ಆ ಯಂತ್ರದ ಕೆಂಬಣ್ಣದ ಕಾವು ಒಂದು ಕಡೆ, ಪಕ್ಕದ ಬಿಳಿ ದೀಪ ಇನ್ನೊಂದು ಕಡೆ. ವೈಟ್ ಬ್ಯಾಲೆನ್ಸನ್ನು ಆಟೋದಲ್ಲಿ ಬಿಟ್ಟರೆ ಒಂದೊಂದು ಚಿತ್ರ ಒಂದೊಂದು ಬಣ್ಣಕ್ಕೆ ತಿರುಗುತ್ತದೆ. ಒಂದೇ ಅಂಕಿಗೆ ನಿಲ್ಲಿಸಿ, ಸರಿಪಡಿಸುವುದನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ಮಗು ಹೊರಬಂದ ನಂತರದ ಕೆಲವು ನಿಮಿಷಗಳೇ ಈ ಕೆಲಸದ ಸಾರ. ಹುಟ್ಟಿದಾಗ ಮೈ ನೀಲಿಗಟ್ಟಿದಂತಿದ್ದು, ಮೇಲೆ ಬೆಣ್ಣೆ ಸವರಿದಂತೆ ಬಿಳಿಯ ಪದರವಿರುತ್ತದೆ; ಅತ್ತು ಉಸಿರಾಡಿದಂತೆ ಎದೆಯಿಂದ ಮೊದಲ್ಗೊಂಡು ಗುಲಾಬಿ ಬಣ್ಣ ಹರಡುತ್ತದೆ, ಅಂಗೈ ಅಂಗಾಲುಗಳು ಮಾತ್ರ ಒಂದೆರಡು ದಿನ ನೀಲಿಯಾಗಿಯೇ ಉಳಿಯಬಹುದು. ಈ ಬದಲಾವಣೆಯನ್ನು ಒಂದೇ ಕೋನದಿಂದ ಸಾಲಾಗಿ ತೆಗೆದರೆ ಬಹಳ ಚೆನ್ನ. ಮನೆಗೆ ಬಂದು ಎಲ್ಲವನ್ನೂ ಬೆಳ್ಳಗೆ ತಿದ್ದುವ ಚಾಳಿ ಬೇಡ. ಹೊಕ್ಕುಳಬಳ್ಳಿಯನ್ನು 1 ನಿಮಿಷಕ್ಕೆ ಮೊದಲು ಬಿಗಿಯದಿರುವುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. ಆ ಬಿಡುವಿನಲ್ಲಿ ನೀಲಿಬಿಳಿ ಹುರಿಯಂತೆ ಮಿಡಿಯುತ್ತಿರುವ ಬಳ್ಳಿಯ ಚಿತ್ರ ಸಿಗುತ್ತದೆ. 1ನೇ ಮತ್ತು 5ನೇ ನಿಮಿಷಕ್ಕೆ ಮಗುವಿನ ಉಸಿರು, ಎದೆಬಡಿತ, ಬಣ್ಣಗಳನ್ನು ನೋಡಿ ಅಂಕ ಕೊಡುತ್ತಾರೆ, ಆಗ ಅಡ್ಡ ನಿಲ್ಲಬಾರದು. ನಂತರ ಮೈಗೆ ಮೈ ತಾಗಿಸಿ ಮಲಗಿಸುವುದು, ಮೊದಲ ಗಂಟೆಯೊಳಗಿನ ಎದೆಹಾಲು. ಇವಿಷ್ಟನ್ನು ಚಿತ್ರಕ್ಕಾಗಿ ಒಂದು ಗಳಿಗೆಯೂ ತಡಮಾಡಿಸಬಾರದು, ಮಗುವಿಗೆ ಹೊದಿಸಿದ ಬಟ್ಟೆಯನ್ನು ಸರಿಸಲು ಹೇಳಬಾರದು.

ಮೊಬೈಲಿನಲ್ಲಿ ತೆಗೆಯುವ ಸಂಗಾತಿಗೆ ಇಷ್ಟು ಸಾಕು: ಫ್ಲೈಟ್ ಮೋಡಿಗೆ ಹಾಕಿ, ಲೆನ್ಸನ್ನು ಒರೆಸಿ, ನೈಟ್ ಮೋಡನ್ನು ಆಫ್ ಮಾಡಿ, ಜೂಮ್ ಮಾಡದೆ ತೆಗೆಯಿರಿ. ತಾಯಿ ಕರೆದರೆ ಮೊಬೈಲನ್ನು ಜೇಬಿಗೆ ಹಾಕಿ.

ಸಿಸೇರಿಯನ್ ಆದರೆ

ಶಸ್ತ್ರಚಿಕಿತ್ಸೆಯ ಕೋಣೆಗೆ ಬಿಡುವುದು ಅಪರೂಪ. ಬಿಟ್ಟರೆ ಅವರು ಕೊಟ್ಟ ಉಡುಪು, ಟೊಪ್ಪಿ, ಮಾಸ್ಕ್ ಧರಿಸಿ, ತಾಯಿಯ ತಲೆಯ ಬಳಿ ಅರಿವಳಿಕೆ ವೈದ್ಯರು ತೋರಿಸಿದ ಚಪ್ಪಡಿಯ ಮೇಲೆ ನಿಲ್ಲಬೇಕು, ಅಲ್ಲಿಂದ ಕದಲಬಾರದು. ಮೇಲಿನ ದೊಡ್ಡ ದೀಪ ಬಹಳ ಪ್ರಖರ, ಸುತ್ತಲಿನದು ಮಬ್ಬು. ಮಗುವಿನ ಮೈಗೆ ಬೆಳಕನ್ನು ಅಳೆದು ಉಳಿದದ್ದು ಕಪ್ಪಾದರೆ ಆಗಲಿ ಎಂದು ಬಿಡಿ. ಪರದೆಯ ಮೇಲಿಂದ ಮಗುವನ್ನು ಎತ್ತಿ ತೋರಿಸುವ ಎರಡು ಸೆಕೆಂಡು, ತಾಯಿಯ ಕೆನ್ನೆಗೆ ಮಗುವಿನ ಕೆನ್ನೆ ತಾಗಿಸುವ ಕ್ಷಣ, ಇವೆರಡು ಸಿಕ್ಕರೆ ಧಾರಾಳವಾಯಿತು.

ಅಲ್ಲಿಂದ ಹೊರಗೆ ಬಂದಾಗ ಕರಾವಳಿಯ ಹವೆ ಕಾಟ ಕೊಡುತ್ತದೆ. ಎಸಿಯಲ್ಲಿ ತಣ್ಣಗಾದ ಲೆನ್ಸ್ ಕಾರಿಡಾರಿನ ತೇವದ ಗಾಳಿಗೆ ಬಂದೊಡನೆ ಮಂಜಾಗುತ್ತದೆ. ಸಿಸ್ಟರ್ ಮಗುವನ್ನು ತಂದು ಅಜ್ಜಿಯ ಕೈಗೆ ಕೊಡುವುದು ಸರಿಯಾಗಿ ಅದೇ ನಿಮಿಷಕ್ಕೆ. ಮಗಳು ಕಳಚಿಕೊಟ್ಟ ಬಳೆ, ಕರಿಮಣಿಗಳನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಗಂಟೆಗಟ್ಟಲೆ ಕುಳಿತಿದ್ದ ಆ ಅಜ್ಜಿಯ ಮುಖ ಮತ್ತೆ ಸಿಗುವುದಿಲ್ಲ. ಲೆನ್ಸನ್ನು ಒರೆಸಿದರೂ ಮರುಕ್ಷಣ ಮಂಜು ಕೂರುತ್ತದೆ. ಆದ್ದರಿಂದ ಒಳಗೆ ಒಯ್ಯದೆ ಕಾರಿಡಾರಿನಲ್ಲೇ ಮನೆಯವರೊಬ್ಬರ ಬಳಿ ಇಟ್ಟಿದ್ದ ಎರಡನೆಯ ಕ್ಯಾಮೆರಾ ಅಥವಾ ಮೊಬೈಲಿನಿಂದ ಆ ಚಿತ್ರಗಳನ್ನು ತೆಗೆಯಬೇಕು. ಮೊದಲನೆಯದನ್ನು ಒಳಗಿರುವಾಗಲೇ ಜಿಪ್ ಚೀಲಕ್ಕೆ ಹಾಕಿ ಬಾಯಿ ಮುಚ್ಚಿ, ಹೊರಗಿನ ಶಾಖಕ್ಕೆ ಬರುವ ತನಕ ತೆರೆಯಬಾರದು. ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆತನಗಳಲ್ಲಿ ಮಗುವಿನ ಬಲಗಿವಿಯಲ್ಲಿ ಆಝಾನ್ ಹೇಳುವುದೂ ಬೇಗನೆ ನಡೆಯುವುದರಿಂದ, ಅದು ಎಲ್ಲಿ, ಯಾರಿಂದ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ಕ್ಯಾಮೆರಾ ಇಳಿಸುವ ಸಮಯ

ಮಗು ಅಳದಿದ್ದರೆ, ರಕ್ತಸ್ರಾವ ಹೆಚ್ಚಾದರೆ, ಕೋಣೆಯ ಮಾತು ಒಮ್ಮೆಲೇ ಚುಟುಕಾಗಿ ಹೊರಗಿನಿಂದ ಇನ್ನಿಬ್ಬರು ಓಡಿ ಬಂದರೆ, ಯಾರೂ ಹೇಳುವ ಮೊದಲೇ ಗೋಡೆಗೆ ಸರಿದು ಹೊರಗೆ ಹೋಗಬೇಕು. ಹಣ ಪಡೆದ ಕೆಲಸವೆಂದು ಅಂಥ ಹೊತ್ತಿನಲ್ಲಿ ಚಿತ್ರ ತೆಗೆಯುವವರು ಈ ಕೆಲಸಕ್ಕೆ ಯೋಗ್ಯರಲ್ಲ. ಮಗುವನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಒಯ್ದರೆ ಒಪ್ಪಂದ ಅಲ್ಲಿಗೆ ನಿಂತಿತೆಂದೇ ತಿಳಿದು, ಹೆತ್ತವರೇ ಕರೆಯುವ ತನಕ ಫೋನು ಮಾಡದಿರಬೇಕು.

ಚಿತ್ರಗಳನ್ನು ಒಪ್ಪಿಸುವುದು

ಅದೇ ದಿನ ಎರಡು ಕಡೆ ಪ್ರತಿ ಮಾಡಿಟ್ಟುಕೊಳ್ಳಿ, ಆದರೆ ಆನ್‌ಲೈನ್ ಸಂಗ್ರಹಕ್ಕೆ ತಾನಾಗಿ ಹೋಗುವ ವ್ಯವಸ್ಥೆಯನ್ನು ನಿಲ್ಲಿಸಿಡಿ. ಚಿತ್ರಗಳನ್ನು ಮೊದಲು ನೋಡಬೇಕಾದವಳು ತಾಯಿ. ಆಕೆ ಬೇಡವೆಂದದ್ದನ್ನು ಅವಳೆದುರೇ ಅಳಿಸಬೇಕು. ಅನೇಕ ಮನೆಗಳಲ್ಲಿ ಅಮೆ (ಹೆರಿಗೆಯ ಸೂತಕ) ಕಳೆದು ತೊಟ್ಟಿಲಿಗೆ ಹಾಕುವ ತನಕ ಮಗುವಿನ ಮುಖವನ್ನು ಹೊರಗಿನವರಿಗೆ ತೋರಿಸಲು ಹಿರಿಯರು ಒಪ್ಪುವುದಿಲ್ಲ, ದೃಷ್ಟಿಯಾಗುತ್ತದೆಂಬ ಅಳುಕೂ ಇರುತ್ತದೆ. ಅದನ್ನು ತರ್ಕಕ್ಕೆ ಎಳೆಯದೆ ಪಾಲಿಸುವುದರಿಂದ ನಮಗೇನೂ ನಷ್ಟವಿಲ್ಲ. ವಾಟ್ಸ್ಆ್ಯಪ್ ಗುಂಪಿಗೆ ಹಾಕಲು ಕೇಳಿದ ಚಿತ್ರಗಳಲ್ಲಿ ಮಗುವಿನ ಮಣಿಕಟ್ಟು ಅಥವಾ ಕಾಲಿಗೆ ಕಟ್ಟಿದ ಪಟ್ಟಿಯನ್ನು ಹಿಗ್ಗಿಸಿ ನೋಡಿ: ತಾಯಿಯ ಹೆಸರು, ಆಸ್ಪತ್ರೆಯ ಸಂಖ್ಯೆ, ಹುಟ್ಟಿದ ದಿನ ಅದರಲ್ಲಿ ಸ್ಪಷ್ಟವಾಗಿ ಓದಲು ಸಿಗುತ್ತವೆ. ಹಿಂದಿನ ಗೋಡೆಯಲ್ಲಿ ಬೇರೆ ರೋಗಿಗಳ ಹೆಸರು ಬರೆದ ಬಿಳಿ ಹಲಗೆ ಇರಬಹುದು, ಬದಿಯಲ್ಲಿ ದಾದಿಯೊಬ್ಬರ ಮುಖ ಬಂದಿರಬಹುದು. ಇವನ್ನು ಮಸುಕು ಮಾಡಿದ ಪ್ರತಿಯನ್ನು ಬೇರೆಯಾಗಿ, ಮೂಲ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ತಾಯಿಯ ಕೈಗೇ ಕೊಡಬೇಕು. ನಿಮ್ಮ ಸ್ಟುಡಿಯೋದ ಜಾಹೀರಾತಿಗೆ ಒಂದಾದರೂ ಚಿತ್ರ ಬೇಕೆನಿಸಿದರೆ ಆ ದಿನ ಕೇಳಬೇಡಿ. ಬಾಣಂತನ ಮುಗಿದ ಮೇಲೆ, ಯಾವ ಚಿತ್ರ, ಎಲ್ಲಿಗೆ ಎಂದು ತಿಳಿಸಿ, ಲಿಖಿತವಾಗಿ ಕೇಳಿ.