ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ ಮೇಲೆ ಟಿವಿಗೆ ವೈರ್‌ಲೆಸ್ ಚಿತ್ರ ನಿಂತುಹೋಗಿದ್ದು

ದಾವಣಗೆರೆಯ ಪಿಜೆ ಬಡಾವಣೆಯ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮಹಡಿ ಮೇಲೆ, ಟಿವಿ ಕೆಳಗೆ. ಹಳೆ ಕಾರ್ಡ್ ಇದ್ದಾಗ ವಿಂಡೋಸ್ ಕೀ ಮತ್ತು ಕೆ ಒತ್ತಿದರೆ ಸಾಕು, ಮಿರಾಕಾಸ್ಟ್‌ನಲ್ಲಿ (ಕಂಪ್ಯೂಟರ್ ಪರದೆಯನ್ನು ವೈರ್ ಇಲ್ಲದೆ ಟಿವಿಗೆ ಕಳಿಸೋ ವ್ಯವಸ್ಥೆ) ಚಿತ್ರ ಬರುತ್ತಿತ್ತು. ಹೊಸ ಕಾರ್ಡ್ ಹಾಕಿದ ದಿನದಿಂದ 'ನಿಮ್ಮ ಸಾಧನ ಮಿರಾಕಾಸ್ಟ್ ಸಪೋರ್ಟ್ ಮಾಡಲ್ಲ' ಅಂತ ಒಂದೇ ಹಾಡು.

ರೂಟರ್ ಆಫ್ ಮಾಡಿ ಆನ್ ಮಾಡಿದೆ. ಟಿವಿ ರೀಸೆಟ್ ಮಾಡಿದೆ. ಆಪ್ಷನಲ್ ಫೀಚರ್ಸ್‌ನಲ್ಲಿ 'ವೈರ್‌ಲೆಸ್ ಡಿಸ್‌ಪ್ಲೇ' ಹಾಕಿದ್ದು ಸುಮ್ನೆ ದಂಡ. ಅದು ಕಂಪ್ಯೂಟರನ್ನೇ ಟಿವಿ ಥರ ಮಾಡೋಕೆ, ಕಳಿಸೋಕಲ್ಲ.

ದಾರಿ ಸಿಕ್ಕಿದ್ದು ಹೀಗೆ. ವಿಂಡೋಸ್‌ನ ರನ್ ಬಾಕ್ಸ್‌ನಲ್ಲಿ 'ಡಿಎಕ್ಸ್‌ಡಯಾಗ್' (dxdiag, ಕಂಪ್ಯೂಟರಿನ ವಿವರ ತೋರಿಸೋ ಸಾಧನ) ಕೊಟ್ಟು, 'ಸೇವ್ ಆಲ್ ಇನ್ಫರ್ಮೇಷನ್' ಒತ್ತಿ ಫೈಲ್ ತೆರೆದೆ. ಮಿರಾಕಾಸ್ಟ್ ಸಾಲಿನಲ್ಲಿ ಗ್ರಾಫಿಕ್ಸ್ ಡ್ರೈವರ್ (ಕಾರ್ಡನ್ನು ನಡೆಸೋ ಸಾಫ್ಟ್‌ವೇರ್) ಸಪೋರ್ಟ್ ಇಲ್ಲ ಅಂತಿತ್ತು. ಡಿವೈಸ್ ಮ್ಯಾನೇಜರ್ ನೋಡಿದರೆ 'ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್'! ಅಂದರೆ ಹೊಸ ಕಾರ್ಡಿನ ಡ್ರೈವರ್ ಬದಲು ವಿಂಡೋಸ್‌ನ ಸಾಮಾನ್ಯ ಡ್ರೈವರ್ ಓಡುತ್ತಿತ್ತು. ಚಿತ್ರ ಚೆನ್ನಾಗೇ ಕಾಣುತ್ತಿತ್ತಲ್ವಾ, ಅನುಮಾನವೇ ಬಂದಿರಲಿಲ್ಲ.

ವಿಂಡೋಸ್ ತಾನೇ ಯಾವುದೋ ಡ್ರೈವರ್ ಹಾಕದಿರಲಿ ಅಂತ ಮೊದಲು ಇಂಟರ್‌ನೆಟ್ ತೆಗೆದೆ. ಹಳೆ ಕಾರ್ಡಿನ ಡ್ರೈವರ್ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ. ಮೊದಲೇ ಇಳಿಸಿಟ್ಟಿದ್ದ ಹೊಸ ಕಾರ್ಡಿನ ಡ್ರೈವರ್ ಹಾಕಿ ಮತ್ತೆ ರೀಸ್ಟಾರ್ಟ್. ಈಗ ಅದೇ ಸಾಲಿನಲ್ಲಿ 'ಅವೈಲಬಲ್'. ಟಿವಿ ಹತ್ತಿತು.

ವಿಡಿಯೊ ಮಾತ್ರ ತಡೆದು ತಡೆದು ಓಡುತ್ತಿತ್ತು. ಕಂಪ್ಯೂಟರ್ 2.4 ಗಿಗಾಹರ್ಟ್ಸ್ ವೈಫೈನಲ್ಲಿತ್ತು, 5ಕ್ಕೆ ಬದಲಿಸಿದೆ. ಆಮೇಲೆ ತಡೆದಿಲ್ಲ.